ಹೆಸರಿನಲ್ಲಿ ಒಂದು 'ಎಚ್' ಜಾಸ್ತಿ

2015ರಲ್ಲಿ ನನ್ನ ಡಿ.ಫಾರ್ಮಾ (ಫಾರ್ಮಸಿ ಡಿಪ್ಲೊಮಾ) ರಿಸಲ್ಟ್ ಬಂದ ದಿನ ಅಪ್ಪ ಓಣಿಗೆಲ್ಲ ಪೇಡೆ ಹಂಚಿದರು. "ನಮ್ಮ ಹುಡುಗಿ ಇನ್ನ ಮೆಡಿಕಲ್ ಹಾಕಬಹುದು" ಅಂತ ಸಿಕ್ಕವರಿಗೆಲ್ಲ ಹೇಳಿದರು. ಹಾಕೋಕೆ ಇನ್ನೂ ಬಹಳ ದಿನ ಇದೆ ಅಂತ ಅವರಿಗೆ ಹೇಳೋ ಧೈರ್ಯ ನನಗೆ ಆಗಲಿಲ್ಲ.

ನಾನು ಪಾಸಾಗಿದ್ದು ಪಾರ್ಟ್ ಒಂದು ಮತ್ತು ಪಾರ್ಟ್ ಎರಡು. ಪಾರ್ಟ್ ಮೂರು ಅಂದರೆ 500 ಗಂಟೆ ಪ್ರಾಕ್ಟಿಕಲ್ ಟ್ರೈನಿಂಗ್. ಅದಾದ ಮೇಲೆ ಕರ್ನಾಟಕ ರಾಜ್ಯ ಫಾರ್ಮಸಿ ಕೌನ್ಸಿಲ್‌ನ ರಿಜಿಸ್ಟರ್‌ನಲ್ಲಿ ಹೆಸರು ಸೇರಬೇಕು. 1948ರ ಫಾರ್ಮಸಿ ಕಾಯ್ದೆಯ 42ನೇ ಕಲಂ ಪ್ರಕಾರ ಡಾಕ್ಟರ ಚೀಟಿ ನೋಡಿ ಔಷಧಿ ಕೊಡುವ ಕೆಲಸ ನೋಂದಾಯಿತ ಫಾರ್ಮಸಿಸ್ಟ್‌ಗೆ ಮಾತ್ರ. ಜ್ಯೂರಿಸ್‌ಪ್ರುಡೆನ್ಸ್ (ಔಷಧಿ ಕಾನೂನು) ಪೇಪರ್‌ಗೆ ಇದನ್ನ ಬಾಯಿಪಾಠ ಮಾಡಿದ್ದೆ. ಅದು ನನಗೇ ಅನ್ವಯಿಸುತ್ತೆ ಅಂತ ಆಗ ಹೊಳೆದಿರಲಿಲ್ಲ ಅಷ್ಟೇ.

500 ಗಂಟೆ ಅಂದರೆ ದಿನಕ್ಕೆ ಎಂಟು ಗಂಟೆ ಲೆಕ್ಕದಲ್ಲಿ ಅರವತ್ತಮೂರು ದಿನ. ಎರಡು ತಿಂಗಳಲ್ಲಿ ಮುಗಿಸಿಬಿಡೋಣ ಅಂದುಕೊಂಡಿದ್ದೆ. ಆಗಲ್ಲ. ಮೂರು ತಿಂಗಳಿಗೆ ಕಡಿಮೆ ಇಲ್ಲದಂತೆ ಹರಡಿರಬೇಕು, ಅದರಲ್ಲಿ 250 ಗಂಟೆ ಚೀಟಿ ನೋಡಿ ಔಷಧಿ ಕೊಡೋದರಲ್ಲೇ ಕಳೆದಿರಬೇಕು. ಕಾಲೇಜಿನಿಂದ ಟ್ರೈನಿಂಗ್ ಕಾಂಟ್ರಾಕ್ಟ್ ಫಾರ್ಮ್ ಮೂರು ಪ್ರತಿ ತಗೊಂಡೆ. ಅದರಲ್ಲಿ ಪ್ರಿನ್ಸಿಪಾಲರು, ನಾನು, ಕಲಿಸುವವರು, ಎಲ್ಲರೂ ಸಹಿ ಹಾಕಬೇಕು. ಕೆಲವರು ಮೊದಲನೇ ದಿನವೇ ಎಲ್ಲ ಸಹಿ ಹಾಕಿಸಿಕೊಂಡು ಮನೆಗೆ ಹೋಗ್ತಾರೆ. ನನಗೂ ಹಾಗೆ ಮಾಡೋ ಮನಸ್ಸಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ನನಗೆ ಸಿಕ್ಕ ಫಾರ್ಮಸಿಸ್ಟ್ ಸರ್ ಒಪ್ಪಲಿಲ್ಲ. "ನಾಳೆ ಒಂಬತ್ತಕ್ಕ ಬಾ. ಬಿಳಿ ಕೋಟ್ ಹಾಕ್ಕೊಂಡ ಬಾ" ಅಂದರು.

ರಾಣೆಬೆನ್ನೂರಿನ ಆ ಆಸ್ಪತ್ರೆಯ ಔಷಧಿ ಕೌಂಟರ್‌ನಲ್ಲಿ ಮೊದಲ ಹದಿನೈದು ದಿನ ನಾನು ಮಾಡಿದ್ದು ರ್‍ಯಾಕ್ ಜೋಡಿಸೋದು, ಎಕ್ಸ್‌ಪೈರಿ ತಾರೀಖು ನೋಡಿ ಸ್ಟಾಕ್ ಹಿಂದೆ ಮುಂದೆ ಮಾಡೋದು, ಫ್ರಿಜ್ ಟೆಂಪರೇಚರ್ ಬರೆಯೋದು. ಇನ್ಸುಲಿನ್ ಎರಡರಿಂದ ಎಂಟು ಡಿಗ್ರಿ ಒಳಗೆ ಇರಬೇಕು ಅಂತ ಪುಸ್ತಕದಲ್ಲಿ ಓದಿದ್ದೆ. ಕರೆಂಟ್ ಹೋದಾಗ ಏನು ಮಾಡಬೇಕು ಅಂತ ಪುಸ್ತಕದಲ್ಲಿ ಇರಲಿಲ್ಲ. ಫ್ರಿಜ್ ಬಾಗಿಲು ತೆಗೀಬಾರದು, ಅಷ್ಟೇ. ನಾನು ತೆಗೆದು ನೋಡಿ ಬೈಸಿಕೊಂಡೆ.

ಒಂದು ದಿನ ಒಬ್ಬ ಅಜ್ಜಿ ಬಂದರು. ಕೈಬೆರಳು ಗಂಟು ಕಟ್ಟಿ ಸೊಟ್ಟಗಾಗಿದ್ದವು. ಚೀಟಿಯಲ್ಲಿ ಕೀಲುವಾತದ ಔಷಧಿ ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ, ಅದರ ಜೊತೆಗೆ ಕೊಡೋ ವಿಟಮಿನ್ ಫೋಲಿಕ್ ಆಸಿಡ್ ಮಿಕ್ಕ ದಿನ. ನಾನು ಎರಡನ್ನೂ ಒಂದೇ ಕವರ್‌ಗೆ ಹಾಕಿ "ವಾರಕ್ಕೊಂದು, ದಿನಾ ಒಂದು" ಅಂತ ಹೇಳಿ ಕೊಟ್ಟೆ. ಸರ್ ಹಿಂದಿನಿಂದ ಬಂದು ಕವರ್ ಕಸಿದುಕೊಂಡರು. ಎರಡೂ ಗುಳಿಗೆ ಕೌಂಟರ್ ಮೇಲೆ ಇಟ್ಟರು. ಎರಡೂ ಸಣ್ಣವು, ಎರಡೂ ಹಳದಿ.

"ಈಗ ಹೇಳು, ಅಜ್ಜಿಗೆ ಯಾವುದು ಯಾವುದು ಅಂತ ಹ್ಯಾಂಗ ಗೊತ್ತಾಗಬೇಕು?"

ನಾನು ಸುಮ್ಮನಿದ್ದೆ. ವಾರಕ್ಕೊಮ್ಮೆ ತಗೊಳ್ಳೋ ಮೆಥೊಟ್ರೆಕ್ಸೇಟನ್ನ ದಿನಾ ನುಂಗಿದರೆ ಬಾಯಿ ಹುಣ್ಣಿನಿಂದ ಶುರುವಾಗಿ ರಕ್ತಕಣ ಕುಸಿದು ಜೀವಕ್ಕೇ ಕುತ್ತು ಬರಬಹುದು. ಸರ್ ಎರಡು ಬೇರೆ ಕವರ್ ತೆಗೆದು, ಒಂದರ ಮೇಲೆ ದಪ್ಪ ಅಕ್ಷರದಲ್ಲಿ "ಸೋಮವಾರ ಮಾತ್ರ" ಅಂತ ಬರೆದರು. ಅಜ್ಜಿಗೆ ಓದೋಕೆ ಬರಲ್ಲ ಅಂತ ಗೊತ್ತಾದ ಮೇಲೆ ಆ ಕವರ್‌ಗೆ ಕೆಂಪು ರಬ್ಬರ್ ಬ್ಯಾಂಡ್ ಸುತ್ತಿದರು. "ಯವ್ವಾ, ಕೆಂಪು ರಬ್ಬರ್ ಇದ್ದದ್ದು ಸಂತಿ ದಿನ ಅಷ್ಟ. ಬ್ಯಾರೆ ದಿನ ಮುಟ್ಟಬ್ಯಾಡ್ರಿ. ಈಗ ನನಗ ತಿರುಗಿ ಹೇಳ್ರಿ ನೋಡೋಣು." ಅಜ್ಜಿಯ ಊರಲ್ಲಿ ಸೋಮವಾರ ಸಂತೆಯಂತೆ. ಅದನ್ನ ಸರ್ ಮೊದಲೇ ಕೇಳಿಕೊಂಡಿದ್ದರು. ಅಜ್ಜಿ ತಿರುಗಿ ಹೇಳಿದರು. ಎರಡನೇ ಸಲ ಸರಿಯಾಗಿ ಹೇಳಿದರು.

500 ಗಂಟೆಯಲ್ಲಿ ನಾನು ಕಲಿತಿದ್ದರಲ್ಲಿ ಅರ್ಧ ಆ ಹತ್ತು ನಿಮಿಷದಲ್ಲೇ ಕಲಿತೆ.

ಟ್ರೈನಿಂಗ್ ಮುಗಿದು, ಡಿಪ್ಲೊಮಾ ಸರ್ಟಿಫಿಕೇಟ್ ಕೈಗೆ ಬಂದಾಗ 2016ರ ಜೂನ್. ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಹೋದೆ. ಕೌನ್ಸಿಲ್ ಆಫೀಸು ವಿಜಯನಗರದ ಕಡೆ. ಮೆಜೆಸ್ಟಿಕ್‌ನಿಂದ ಆ ಕಡೆಗೆ ಮೆಟ್ರೋ ಶುರುವಾಗಿ ಇನ್ನೂ ಎರಡು ತಿಂಗಳಾಗಿರಲಿಲ್ಲ. ನನಗೆ ಮೆಟ್ರೋ ಹತ್ತಿದ ಖುಷಿಯೇ ದೊಡ್ಡದು. ಫೈಲಿನಲ್ಲಿ ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಅಂಕಪಟ್ಟಿ, ಡಿ.ಫಾರ್ಮಾ ಎರಡೂ ವರ್ಷದ ಅಂಕಪಟ್ಟಿ, ಟ್ರೈನಿಂಗ್ ಸರ್ಟಿಫಿಕೇಟ್, ಆಧಾರ್, ಫೋಟೋ. ಎಲ್ಲ ಇದೆ ಅಂತ ಮೂರು ಸಲ ಎಣಿಸಿದ್ದೆ.

ಎಲ್ಲ ಇತ್ತು. ಆದರೆ ಒಂದರಲ್ಲಿ ಇದ್ದ ಹುಡುಗಿ ಇನ್ನೊಂದರಲ್ಲಿ ಇರಲಿಲ್ಲ.

ಎಸ್ಸೆಸ್ಸೆಲ್ಸಿಯಲ್ಲಿ ನನ್ನ ಹೆಸರಿನ ಹಿಂದೆ ಇನಿಷಿಯಲ್. ಆಧಾರ್‌ನಲ್ಲಿ ನಮ್ಮ ಕಡೆ ಪದ್ಧತಿಯಂತೆ ಅಪ್ಪನ ಹೆಸರು, ಅಡ್ಡಹೆಸರು ಪೂರ್ತಿ. ಇದು ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿದರೆ ಸರಿಹೋಗುತ್ತೆ. ಡಿ.ಫಾರ್ಮಾ ಅಂಕಪಟ್ಟಿಯ ಕಥೆ ಬೇರೆ. ಅದರಲ್ಲಿ ನನ್ನ ಹೆಸರಿಗೆ ಇಂಗ್ಲಿಷಿನಲ್ಲಿ ಒಂದು 'ಎಚ್' ಜಾಸ್ತಿ. ಇದಕ್ಕೆ ಯಾವ ಗುಮಾಸ್ತರನ್ನೂ ಬೈಯೋ ಹಾಗಿಲ್ಲ. ಟಿವಿಯಲ್ಲಿ ಬರೋ ಸಂಖ್ಯಾಶಾಸ್ತ್ರದವರ ಮಾತು ನಂಬಿ, ಹೆಸರಿನ ಕೂಡಿಕೆ ಆರು ಬಂದರೆ ಪರೀಕ್ಷೆ ಸುಲಭ ಅಂತ, ಅಪ್ಲಿಕೇಶನ್ ತುಂಬುವಾಗ ನಾನೇ ಸೇರಿಸಿದ್ದು. ಪರೀಕ್ಷೆ ಏನೂ ಸುಲಭ ಆಗಲಿಲ್ಲ.

ಕೌಂಟರ್‌ನವರು ನಗದೆ, ಸಮಾಧಾನವಾಗಿ ಹೇಳಿದರು: "ಎಸ್ಸೆಸ್ಸೆಲ್ಸಿಯಲ್ಲಿ ಇರೋ ಥರಾನೇ ಡಿಪ್ಲೊಮಾದಲ್ಲೂ ಮಾಡಿಸಿಕೊಂಡು ಬನ್ನಿ ಮೇಡಂ." ಕಾಲೇಜಿಗೆ ಅರ್ಜಿ, ಅಲ್ಲಿಂದ ಪರೀಕ್ಷಾ ಮಂಡಳಿಗೆ ಪತ್ರ, ಶುಲ್ಕ, ಹಳೇ ಅಂಕಪಟ್ಟಿ ವಾಪಸ್. ಆ ಒಂದು ಅಕ್ಷರ ತೆಗೆಸೋಕೆ ಎರಡೂವರೆ ತಿಂಗಳು ಹಿಡೀತು. ಕೊನೆಗೆ ಕೌನ್ಸಿಲ್ ನೋಂದಣಿ ಸರ್ಟಿಫಿಕೇಟ್ ಬಂತು. ಅದರ ಮೇಲೆ ನಂಬರ್, ಫೋಟೋ, ಮತ್ತು ಎಚ್ ಇಲ್ಲದ ನನ್ನ ಹೆಸರು.

ಅದು ಬಂದ ವಾರದಲ್ಲೇ ಪಕ್ಕದ ತಾಲ್ಲೂಕಿನಿಂದ ಒಬ್ಬರು ಮನೆಗೆ ಬಂದರು. ಚಹಾ ಕುಡಿದರು. ಮೆಡಿಕಲ್ ಶಾಪ್ ತೆಗೀತಾ ಇದ್ದಾರಂತೆ. ಹತ್ತು ಚದರ ಮೀಟರ್ ಜಾಗ ಆಗಿದೆ, ಫ್ರಿಜ್ ಬಂದಿದೆ, ಲೈಸೆನ್ಸಿಗೆ ಫಾರ್ಮಸಿಸ್ಟ್ ಬೇಕು. "ಅಕ್ಕಾರ ಬರೋದು ಬ್ಯಾಡ. ಸರ್ಟಿಫಿಕೇಟ್ ಅಷ್ಟ ಕೊಡ್ರಿ. ತಿಂಗಳಾ ಅಕೌಂಟಿಗೆ ರೊಕ್ಕ ಬೀಳತೈತಿ." ಅಪ್ಪ ನನ್ನ ಮುಖ ನೋಡಿದರು. ಅವರಿಗೆ ಇದು ಹೊಲ ಲಾವಣಿಗೆ ಕೊಟ್ಟಷ್ಟೇ ಸಲೀಸು. ಕೂತಲ್ಲಿ ಬರೋ ದುಡ್ಡು ಯಾಕೆ ಬೇಡ?

ನನಗೂ ಒಂದು ರಾತ್ರಿ ನಿದ್ದೆ ಬರಲಿಲ್ಲ. ನನ್ನ ಜೊತೆ ಓದಿದವರಲ್ಲಿ ಕೆಲವರು ಹೀಗೆ ಕೊಟ್ಟಿದ್ದು ಗೊತ್ತಿತ್ತು. ಆದರೆ ಕಣ್ಣು ಮುಚ್ಚಿದರೆ ಆ ಎರಡು ಹಳದಿ ಗುಳಿಗೆ. ಆ ಅಂಗಡಿಯಲ್ಲಿ ಹತ್ತನೇ ಕ್ಲಾಸಿನ ಹುಡುಗ ಒಬ್ಬ ಕವರ್ ಕಟ್ಟಿ ಕೊಡ್ತಾನೆ. ಗೋಡೆ ಮೇಲೆ ನನ್ನ ಫೋಟೋ ನಗ್ತಾ ಇರುತ್ತೆ. ಬೆಳಗ್ಗೆ ಆಗೋಲ್ಲ ಅಂದೆ. ಅಪ್ಪ ಎರಡು ದಿನ ಮಾತಾಡಲಿಲ್ಲ. ಸಿಕ್ಕಿಬಿದ್ದರೆ ರಿಜಿಸ್ಟರ್‌ನಿಂದ ಹೆಸರೇ ಹೋಗಬಹುದು ಅಂತ ಹೇಳಿದ ಮೇಲೆ ಸ್ವಲ್ಪ ತಣ್ಣಗಾದರು. ಪೇಡೆ ಹಂಚಿದ್ದು ನೆನಪಾಗಿರಬೇಕು.

ಈಗ ಸೇರೋ ಹುಡುಗರಿಗೆ ನನಗಿಂತ ಒಂದು ಮೆಟ್ಟಿಲು ಜಾಸ್ತಿ. 2022ರಲ್ಲಿ ಬಂದ ನಿಯಮದಂತೆ ಡಿ.ಫಾರ್ಮಾ ಆದ ಮೇಲೆ ಎಕ್ಸಿಟ್ ಪರೀಕ್ಷೆ ಇದೆ. ಮೂರು ಪೇಪರ್, ಸರಿಯುತ್ತರ ಆರಿಸೋ ಪ್ರಶ್ನೆ. ಪ್ರತಿ ಪೇಪರ್‌ನಲ್ಲೂ ಶೇ. 50 ಬರಬೇಕು, ಮೂರೂ ಒಂದೇ ಸಲಕ್ಕೆ ಪಾಸಾಗಬೇಕು. ಹುಡುಗರು ಗೊಣಗ್ತಾರೆ. ನನಗೆ ಮಾತ್ರ ಇದು ಬೇಕಿತ್ತು ಅನಿಸುತ್ತೆ. ಇನ್ನೊಂದು, ಕಾಲೇಜಿಗೆ ದುಡ್ಡು ಕಟ್ಟೋ ಮೊದಲು ಅದಕ್ಕೆ ಪಿಸಿಐ (ಫಾರ್ಮಸಿ ಕೌನ್ಸಿಲ್ ಆಫ್ ಇಂಡಿಯಾ) ಮಾನ್ಯತೆ ಇದೆಯಾ ನೋಡಿ. ಇಲ್ಲ ಅಂದರೆ ಎಷ್ಟೇ ಚೆನ್ನಾಗಿ ಓದಿದರೂ ನೋಂದಣಿ ಆಗಲ್ಲ. ಹಾಗೇ ರಿನ್ಯೂವಲ್ ಶುಲ್ಕದ ತಾರೀಖನ್ನ ಮೊಬೈಲಿನಲ್ಲಿ ಹಾಕಿಟ್ಟುಕೊಳ್ಳಿ. ಕಟ್ಟದೇ ಬಿಟ್ಟು ಹೆಸರು ತೆಗೆಸಿಕೊಂಡರೆ ಮತ್ತೆ ಸೇರಿಸೋಕೆ ಅಲೆದಾಟ.

ನಾನು ಈಗ ಕೂರೋ ಅಂಗಡಿಯಲ್ಲಿ ನನ್ನ ಸರ್ಟಿಫಿಕೇಟ್ ಬಿಲ್ಲಿಂಗ್ ಮಷಿನ್ ಮೇಲಿನ ಗೋಡೆಯಲ್ಲಿದೆ. ಅದರ ಕೆಳಗೆ ಷೆಡ್ಯೂಲ್ ಎಚ್1 ರಿಜಿಸ್ಟರ್, ಅಂದರೆ ಕಟ್ಟುನಿಟ್ಟಾಗಿ ಲೆಕ್ಕ ಇಡಬೇಕಾದ ಔಷಧಿಗಳ ಪುಸ್ತಕ. ಅದರಲ್ಲಿ ಡಾಕ್ಟರ ಹೆಸರು, ರೋಗಿಯ ಹೆಸರು, ಔಷಧಿ, ಎಷ್ಟು ಕೊಟ್ಟೆವು, ಎಲ್ಲ ಬರೀಬೇಕು. ಮೂರು ವರ್ಷ ಇಟ್ಟಿರಬೇಕು. ಇನ್‌ಸ್ಪೆಕ್ಟರ್ ಬಂದಾಗ ಮೊದಲು ಗೋಡೆ ನೋಡ್ತಾರೆ, ಆಮೇಲೆ ನನ್ನ ಮುಖ. ಡ್ರಾನಲ್ಲಿ ಕೆಂಪು ರಬ್ಬರ್ ಬ್ಯಾಂಡಿನ ಒಂದು ಡಬ್ಬಿ ಯಾವಾಗಲೂ ಇರುತ್ತೆ.

ಮದುವೆ ಆದ ಹೊಸದರಲ್ಲಿ ಅತ್ತೆ ಕೇಳಿದರು, "ಹೆಸರಿನ ಮುಂದ ಈ ಮನಿ ಅಡ್ಡಹೆಸರು ಹಚ್ಚಸ್ತೀಯೇನವಾ?"

"ಅತ್ತಿ, ಕೈ ಮುಗೀತೀನ್ರಿ" ಅಂದೆ. "ಒಂದು ಅಕ್ಷರ ತೆಗೆಸೋದಕ್ಕ ಎರಡೂವರೆ ತಿಂಗಳು ಬೇಕಾತು."