ಸಿಸಿಎನ್‌ಎಗೆ ಹೆಂಗ ಓದೋದು? ಬರೇ ವಿಡಿಯೊ ನೋಡಿದ್ರ ಆಗಂಗಿಲ್ಲ ನೋಡ್ರಿ

ಸಿಸಿಎನ್‌ಎ ಅಂದ್ರ ಸಿಸ್ಕೋ ಕಂಪನಿ ನಡೆಸೋ ನೆಟ್‌ವರ್ಕಿಂಗ್ ಸರ್ಟಿಫಿಕೇಟ್ ಪರೀಕ್ಷೆ. ಅದಕ್ಕ ಯಾವ ಕೋರ್ಸ್ ಚೊಲೊ, ಯಾವ ಪುಸ್ತಕ ಚೊಲೊ ಅಂತ ಕೇಳ್ಕೋತ ಕುಂತ್ರ ತಿಂಗಳ ಹೋಗ್ತೈತಿ, ಓದೋದ್ ಮಾತ್ರ ಶುರು ಆಗಂಗಿಲ್ಲ. ಬಾಗಲಕೋಟೆ ನವನಗರದಾಗ ರೂಮ್ ಮಾಡ್ಕೊಂಡು ಸಿಸಿಎನ್‌ಎಗೆ ಕುಂತಾಗ ನಾನೂ ಇದನ್ನ ಮಾಡಿದ್ದು, ಒಂದಲ್ಲ ಎರಡಲ್ಲ ಮೂರು ಕೋರ್ಸ್ ಡಬಲ್ ಸ್ಪೀಡಿನಾಗ ನೋಡಿ ಮುಗಿಸಿ, ಎಲ್ಲಾ ತಿಳಿದಂಗ ಅನಿಸಿ, ಪ್ರಾಕ್ಟೀಸ್ ಟೆಸ್ಟ್ ಬರದ್ರ ಅರ್ಧಾನೂ ಬರಲಿಲ್ಲ. ತಿಳಿಯೋದು ಬ್ಯಾರೆ, ಕೈಗೆ ಬರೋದು ಬ್ಯಾರೆ.

ಅದಕ್ಕ ಮೊದಲ ಸಿಸ್ಕೋ ಸೈಟಿನಾಗಿಂದ 200-301 (ಈ ಪರೀಕ್ಷೆಯ ನಂಬರ್) ಎಕ್ಸಾಮ್ ಟಾಪಿಕ್ಸ್ ಇಳಿಸ್ಕೊಂಡು ಜೆರಾಕ್ಸ್ ಅಂಗಡ್ಯಾಗ ಪ್ರಿಂಟ್ ತಗೀರಿ. ಆರು ಭಾಗ ಅದಾವ, ಐಪಿ ಕನೆಕ್ಟಿವಿಟಿಗೆ 25%, ನೆಟ್‌ವರ್ಕ್ ಫಂಡಮೆಂಟಲ್ಸ್ ಮತ್ತ ನೆಟ್‌ವರ್ಕ್ ಆಕ್ಸೆಸ್‌ಗೆ 20-20, ಸೆಕ್ಯೂರಿಟಿಗೆ 15, ಐಪಿ ಸರ್ವಿಸಸ್ಸಿಗೆ 10, ಆಟೊಮೇಶನ್ನಿಗೆ 10. ಎಷ್ಟೋ ಮಂದಿ ಓಎಸ್‌ಐ ಲೇಯರ್ (ನೆಟ್‌ವರ್ಕ್ ಕೆಲಸವನ್ನ ಏಳು ಪದರು ಮಾಡಿ ತೋರಿಸೋ ಪಟ್ಟಿ) ಬಾಯಿಪಾಠ ಮಾಡ್ಕೋತ ಹದಿನೈದ್ ದಿನ ಕಳೀತಾರ, ರೂಟಿಂಗಿಗೆ ಬರೋದ್ರೊಳಗ ಹುರುಪ ಹೋಗಿರ್ತೈತಿ. ಆ ಹಾಳಿ ಮ್ಯಾಲೆ ಒಂದೊಂದ್ ಸಾಲು ಯಾವ ಶಬ್ದದಿಂದ ಶುರು ಆಗ್ತೈತಿ ನೋಡ್ರಿ. ಕಾನ್ಫಿಗರ್ ಅಂತಿದ್ರ ಅದಕ್ಕ ಲ್ಯಾಬ್ ಬೇಕು, ಎಷ್ಟ್ ಓದಿದ್ರೂ ಆಗಂಗಿಲ್ಲ. ಡಿಸ್ಕ್ರೈಬ್, ಎಕ್ಸ್‌ಪ್ಲೇನ್ ಅಂತಿದ್ರ ಓದಿ, ರೂಮಿನ ದೋಸ್ತಗ ಹತ್ತು ಮಾತಿನಾಗ ಹೇಳಾಕ ಬಂದ್ರ ಸಾಕು. ನಾನು ಕೆಂಪ್ ಪೆನ್ನಿಲೆ 'ಕೈ', ನೀಲಿ ಪೆನ್ನಿಲೆ 'ಬಾಯಿ' ಅಂತ ಬರ್ಕೊಂಡಿದ್ದೆ.

ಸಬ್‌ನೆಟ್ಟಿಂಗ್ ಅಂದ್ರ ದೊಡ್ಡ ನೆಟ್‌ವರ್ಕನ್ನ ಸಣ್ಣ ಸಣ್ಣ ಭಾಗ ಮಾಡೋ ಲೆಕ್ಕ, ಅದು ಇವೆರಡೂ ಅಲ್ಲ, ಮಗ್ಗಿ. ನವನಗರದಾಗ ಇದ್ದವರಿಗೆ ಇದು ಸಲೀಸು, ಆಲಮಟ್ಟಿ ಹಿನ್ನೀರಿಗೆ ಮನಿ ಕಳ್ಕೊಂಡವರಿಗೆ ಅಂತ ಕಟ್ಟಿದ ಊರಿದು, ವಿಳಾಸ ಕೇಳಿದ್ರ ಮೊದಲ ಸೆಕ್ಟರ್ ನಂಬರ್ ಹೇಳ್ತಾರ, ಆಮ್ಯಾಲೆ ಪ್ಲಾಟ್ ನಂಬರ್. ಸೆಕ್ಟರ್ ಅಂದ್ರ ನೆಟ್‌ವರ್ಕ್, ಪ್ಲಾಟ್ ಅಂದ್ರ ಹೋಸ್ಟ್, ಗಡಿ ಎಲ್ಲೈತಿ ಅಂತ ಹೇಳೋದು ಮಾಸ್ಕ್. 192.168.10.77/27 ಕೊಟ್ರು ಅಂತ ತಿಳೀರಿ. /27 ಅಂದ್ರ ಮಾಸ್ಕಿನ ಕಡೀ ನಂಬರ್ 224, ಅದನ್ನ 256ರಾಗ ಕಳದ್ರ 32. ಹಂಗಾದ್ರ ಸೆಕ್ಟರ್ ಶುರು ಆಗೋದು 0, 32, 64, 96... 77 ಬೀಳೋದು 64ರಾಗ. ನೆಟ್‌ವರ್ಕ್ 64, ಬ್ರಾಡ್‌ಕಾಸ್ಟ್ (ಎಲ್ಲಾರಿಗೂ ಒಮ್ಮೆ ಕಳಿಸೋ ವಿಳಾಸ) 95, ನಡುವ 65ರಿಂದ 94 ತನಕ 30 ಮನಿ. ದಿನಾ ಮುಂಜಾನೆ ಚಾ ಕುಡ್ಕೋತ ಇಂಥಾವ ಹತ್ತು ಲೆಕ್ಕ, ಪೆನ್ನು ಹಾಳಿಲೆನ ಮಾಡ್ರಿ, ಎಕ್ಸಾಮಿನಾಗ ಕ್ಯಾಲ್ಕುಲೇಟರ್ ಕೊಡಂಗಿಲ್ಲ. ಒಂದಕ್ಕ ಅರ್ಧ ನಿಮಿಷದೊಳಗ ಬಂತಂದ್ರ ಆತು.

ಲ್ಯಾಬಿಗೆ ರೊಕ್ಕ ಹಾಕಿ ಹಳೆ ರೂಟರ್, ಸ್ವಿಚ್ ತರಾಕ ಹೋಗಬ್ಯಾಡ್ರಿ, ಕಂಪ್ಯೂಟರಿನಾಗ ನಕಲಿ ರೂಟರ್, ಸ್ವಿಚ್ ಜೋಡಿಸೋ ಪ್ಯಾಕೆಟ್ ಟ್ರೇಸರ್ ಫ್ರೀ ಐತಿ, ಸಿಸ್ಕೋ ನೆಟ್‌ವರ್ಕಿಂಗ್ ಅಕಾಡೆಮಿಯಾಗ ಅಕೌಂಟ್ ಮಾಡಿದ್ರ ಸಿಗ್ತೈತಿ. ಆದ್ರ ವಿಡಿಯೊದಾಗ ಅವರು ಟೈಪ್ ಮಾಡಿದ್ದನ್ನ ನಾವೂ ಟೈಪ್ ಮಾಡೋದು ಲ್ಯಾಬ್ ಅಲ್ಲ, ಕಾಪಿ ಹೊಡದಂಗ. ನಡ್ಯಾಕತ್ತಿದ್ದ ಲ್ಯಾಬನ್ನ ಕೆಡಿಸಿ ಹೊಳ್ಳಿ ಸರಿ ಮಾಡ್ರಿ, ಕಲಿಯೋದು ಅಲ್ಲೆ. ನಂದ ಹೇಳ್ತೀನಿ, ಟ್ರಂಕ್ (ಎರಡು ಸ್ವಿಚ್ ನಡುವಿನ ಕೂಡು ದಾರಿ) ಮ್ಯಾಲೆ ವಿಲ್ಯಾನ್ 10 (ವಿಲ್ಯಾನ್ ಅಂದ್ರ ಒಂದ ಸ್ವಿಚ್ಚಿನಾಗ ಬ್ಯಾರೆ ಬ್ಯಾರೆ ಮಾಡಿದ ನೆಟ್‌ವರ್ಕ್) ಬಿಟ್ಟಿದ್ದೆ, ಆಮ್ಯಾಲೆ 20ನ್ನೂ ಬಿಡೋಣು ಅಂತ 'ಸ್ವಿಚ್‌ಪೋರ್ಟ್ ಟ್ರಂಕ್ ಅಲೌಡ್ ವಿಲ್ಯಾನ್ 20' ಅಂತ ಹೊಡದೆ. 20 ಪಿಂಗ್ ಆತು, 10 ಸತ್ತು ಕುಂತಿತು. ಎರಡು ತಾಸು ಐಪಿ, ಗೇಟ್‌ವೇ ಎಲ್ಲಾ ಹುಡುಕಿದೆ, ಖಾನಾವಳಿನೂ ಮುಚ್ಚಿತು, ಕಡೀಕ 'ಶೋ ಇಂಟರ್‌ಫೇಸಸ್ ಟ್ರಂಕ್' ನೋಡಿದ್ರ ಲಿಸ್ಟಿನಾಗ 20 ಒಂದ ಐತಿ! ನಡುವ 'ಆಡ್' ಅನ್ನೋ ಶಬ್ದ ಹಾಕದಿದ್ರ ಹಳೆ ಲಿಸ್ಟ್ ಅಳಿಸಿ ಹೋಗ್ತೈತಿ. ಉಪವಾಸ ಮಲ್ಗಿದ್ದಕ್ಕ ಇದು ಇನ್ನತನ ಮರ್ತಿಲ್ಲ.

ರೂಟಿಂಗ್ ಟೇಬಲ್ (ರೂಟರ್ ಇಟ್ಕೊಂಡಿರೋ ದಾರಿಗಳ ಪಟ್ಟಿ) ಮಾತ್ರ ಕೈಗೂ ಬೇಕು, ಬಾಯಿಗೂ ಬೇಕು. 10.1.0.0/16ಕ್ಕ ಸ್ಟಾಟಿಕ್ ರೂಟ್ (ನಾವ ಕೈಯಿಂದ ಬರದ ದಾರಿ) ಐತಿ, 10.1.1.0/24 ಓಎಸ್‌ಪಿಎಫ್‌ನಿಂದ (ರೂಟರ್‌ಗಳು ತಾವ ಒಂದಕ್ಕೊಂದು ದಾರಿ ತಿಳಿಸೋ ಪದ್ಧತಿ) ಬಂದೈತಿ, ಪ್ಯಾಕೆಟ್ 10.1.1.5ಕ್ಕ ಹೊಂಟೈತಿ, ಯಾವ ದಾರಿ ಹಿಡೀತೈತಿ? ಸ್ಟಾಟಿಕ್ ಡಿಸ್ಟನ್ಸ್ (ದಾರಿ ಎಷ್ಟು ನಂಬಬೇಕು ಅನ್ನೋ ನಂಬರ್, ಕಡಿಮಿ ಇದ್ದಷ್ಟು ಚೊಲೊ) 1, ಓಎಸ್‌ಪಿಎಫ್‌ದು 110, ಹಿಂಗಾಗಿ ಸ್ಟಾಟಿಕ್ ಅಂತ ಭಾಳ ಮಂದಿ ಬರೀತಾರ, ತಪ್ಪು. ವಿಳಾಸಕ್ಕ ಹೆಚ್ಚು ಉದ್ದ ಹೊಂದಿದ್ದು ಗೆಲ್ತೈತಿ, ಅಂದ್ರ /24. ಡಿಸ್ಟನ್ಸ್ ನೋಡೋದು ಎರಡೂ ಕಡೆಯಿಂದ ಅದ ಪ್ರಿಫಿಕ್ಸ್ (ನೆಟ್‌ವರ್ಕ್ ವಿಳಾಸ, ಅದರ / ನಂಬರ್ ಸಮೇತ) ಬಂದಾಗ ಅಷ್ಟ.

ಪೋರ್ಟ್ ನಂಬರ್, ಡಿಸ್ಟನ್ಸ್ ಇಂಥಾವಕ್ಕ ಆಂಕಿ ಅನ್ನೋ ಫ್ಲ್ಯಾಶ್‌ಕಾರ್ಡ್ ಆ್ಯಪ್ ಹಾಕ್ಕೊಂಡು ಬಸ್ಸಿನಾಗ ತಿರಿವಿ ಹಾಕ್ರಿ, ಅದಕ್ಕ ಬ್ಯಾರೆ ಟೈಮ್ ಕೊಡಬ್ಯಾಡ್ರಿ.

ಪ್ರಾಕ್ಟೀಸ್ ಟೆಸ್ಟ್ ಕಡೀಗಲ್ಲ, ಮೂರನೇ ವಾರದಿಂದನ ಶುರು ಮಾಡ್ರಿ, ಮಾರ್ಕ್ಸ್ ನೋಡಬ್ಯಾಡ್ರಿ, ತಪ್ಪಿದ್ದು ಯಾಕ ತಪ್ಪಿತು ಅಂತ ಒಂದ್ ಸಾಲ್ ಬರ್ಕೋರಿ. ಡಂಪ್ ಅಂತ ಕದ್ದ ಪ್ರಶ್ನೆ-ಉತ್ತರ ಮಾರ್ತಾರಲ್ಲ, ಅದರ ಕಡೆ ಹೋಗಬ್ಯಾಡ್ರಿ, ಅದರಾಗ ಉತ್ತರನ ತಪ್ಪಿರ್ತಾವ, ಮ್ಯಾಲೆ ಇಂಟರ್‌ವ್ಯೂದಾಗ ವಿಲ್ಯಾನ್ ಅಂದ್ರೇನು ಅಂತ ಕೇಳಿದ್ರ ಬಾಯಿ ತೆರ್ಯಾಕ ಆಗಂಗಿಲ್ಲ.

ಇನ್ನ ಎಕ್ಸಾಮ್ 120 ನಿಮಿಷ, ಒಂದ್ ಪ್ರಶ್ನೆ ದಾಟಿದ್ರ ಹೊಳ್ಳಿ ಹೋಗಾಕ ಬರಂಗಿಲ್ಲ, ಅದಕ್ಕ ಟೆಸ್ಟ್ ಬರ್ಯಾಗೂ ಹಂಗ ರೂಢಿ ಮಾಡ್ಕೋರಿ. ಫೀ 300 ಡಾಲರ್, ಮ್ಯಾಲೆ ಟ್ಯಾಕ್ಸ್, ಫೇಲ್ ಆದ್ರ 5 ದಿನ ಬಿಟ್ಟು ಮತ್ತ ಪೂರಾ ಫೀ ತುಂಬಬೇಕು. ಮನ್ಯಾಗಿಂದ ಆನ್‌ಲೈನ್ ಬರ್ಯಾಕೂ ಬರ್ತೈತಿ, ಆದ್ರ ನಮ್ ಕಡೆ ಕರೆಂಟ್ ಯಾವಾಗ ಹೋಗ್ತೈತಿ ಗೊತ್ತಿಲ್ಲಲ್ಲ, ನಾನಂತೂ ಹಿಂದಿನ ದಿನ ಬಸ್ ಹತ್ತಿ ಸೆಂಟರಿಗೇ ಹೋಗಿ ಬರದೆ.