ಮೊಣಕಾಲು ನೋವಿನ ವಯಸ್ಸಿನಲ್ಲಿ ಮತ್ತೆ ಹ್ಯಾವ್ಲಾಕ್‌ಗೆ

ಅಂಡಮಾನ್‌ಗೆ ಮತ್ತೆ ಹೋಗೋಣ ಅಂತ ಮನೆಯಲ್ಲಿ ಮಾತು ಗಟ್ಟಿಯಾದ ಮೇಲೆ ನಾನು ಮೊದಲು ತೆಗೆದು ನೋಡಿದ್ದು ಪಂಚಾಂಗ. ಸಮುದ್ರದ ಲೆಕ್ಕ ಅದರಲ್ಲಿ ಸಿಗುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ಉಬ್ಬರ ಇಳಿತ ಎರಡೂ ಜೋರು. ಅಷ್ಟಮಿಯ ಆಸುಪಾಸಿನಲ್ಲಿ ಎರಡೂ ಕಡಿಮೆ. ವಯಸ್ಸಾದ ಮೇಲೆ ದ್ವೀಪಕ್ಕೆ ಹೋಗುವವರಿಗೆ ಹೋಟೆಲಿನ ಸೌಕರ್ಯಕ್ಕಿಂತ ಈ ಲೆಕ್ಕವೇ ಜಾಸ್ತಿ ಉಪಯೋಗಕ್ಕೆ ಬರುತ್ತದೆ ಅಂತ ನಾನು ನಂಬುತ್ತೇನೆ.

ಮೊದಲ ಸಲ ಹೋಗಿದ್ದು 2004ರ ಶುರುವಿನಲ್ಲಿ, ಬ್ಯಾಂಕಿನ ಎಲ್‌ಎಫ್‌ಸಿ (ರಜೆಯ ಪ್ರಯಾಣಕ್ಕೆ ಕೊಡುವ ಸೌಲಭ್ಯ) ತೆಗೆದುಕೊಂಡು, ಮಕ್ಕಳನ್ನು ಕರೆದುಕೊಂಡು. ಅದೇ ಡಿಸೆಂಬರ್ 26ಕ್ಕೆ ಸುನಾಮಿ ಬಂತು. ಟಿವಿಯಲ್ಲಿ ಪೋರ್ಟ್ ಬ್ಲೇರ್ ನೋಡುತ್ತಾ ನಾವು ಊಟ ಬಿಟ್ಟು ಕೂತಿದ್ದೆವು. ಅಲ್ಲಿಂದ ಆ ಜಾಗ ಮನಸ್ಸಿನಲ್ಲಿ ಉಳಿದೇಬಿಟ್ಟಿತು. ಆಮೇಲೆ ಮಕ್ಕಳ ಓದು, ಮದುವೆ, ನಮ್ಮ ನಿವೃತ್ತಿ. ಈಗ ನನಗೆ ಮೊಣಕಾಲು ನೋವು, ನಮ್ಮ ಯಜಮಾನರಿಗೆ ಬಿಪಿ. ಆಗ ಓಡಾಡಿದ ಎಲ್ಲ ಜಾಗಕ್ಕೂ ಹೋಗುವ ಆಸೆ ಬಿಟ್ಟು ಎರಡೇ ದ್ವೀಪ ಇಟ್ಟುಕೊಂಡೆವು. ಹ್ಯಾವ್ಲಾಕ್ ಮತ್ತು ನೀಲ್. 2018ರಿಂದ ಇವು ಸ್ವರಾಜ್ ದ್ವೀಪ, ಶಹೀದ್ ದ್ವೀಪ. ಆದರೆ ದೋಣಿಯಲ್ಲಿ ಎಲ್ಲರೂ ಹಳೆ ಹೆಸರನ್ನೇ ಹೇಳುತ್ತಾರೆ, ನಾನೂ ಹಾಗೇ ಬರೆಯುತ್ತೇನೆ.

ಯೋಜನೆ ಹೀಗಿತ್ತು. ಶುಕ್ಲ ಪಕ್ಷದ ಅಷ್ಟಮಿಗೆ ಹ್ಯಾವ್ಲಾಕ್, ಹುಣ್ಣಿಮೆ ಹೊತ್ತಿಗೆ ನೀಲ್. ಕಾರಣ ಹೇಳುತ್ತೇನೆ. ಹ್ಯಾವ್ಲಾಕ್‌ನ ಪೂರ್ವ ದಡದಲ್ಲಿ, ಅಂದರೆ ಗೋವಿಂದನಗರ, ವಿಜಯನಗರದ ಕಡೆ, ಇಳಿತದಲ್ಲಿ ನೀರು ತುಂಬಾ ದೂರ ಹೋಗಿಬಿಡುತ್ತದೆ. ಕಲ್ಲು, ಹವಳದ ಚೂರು ಮೇಲೆ ಕಾಣುತ್ತವೆ. ನಮ್ಮಂಥವರು ಅದರ ಮೇಲೆ ಕಾಲಿಡಬಾರದು. ಅಷ್ಟಮಿ ಸುತ್ತ ಇಳಿತ ಅಷ್ಟು ಜೋರಿರುವುದಿಲ್ಲ. ಸಾಯಂಕಾಲ ನಾಲ್ಕರ ಸುಮಾರಿಗೆ ನೀರು ತುಂಬಿರುತ್ತದೆ. ನಮ್ಮ ಕೋಣೆಯಿಂದ ನಾಲ್ಕು ಹೆಜ್ಜೆ ಇಟ್ಟರೆ ಸೊಂಟದವರೆಗೆ ಸಮುದ್ರ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅದನ್ನು ನೋಡಿಕೊಂಡು ಮಧ್ಯಾಹ್ನದ ನಿದ್ದೆಯನ್ನೂ ಹೊಂದಿಸಿದೆವು.

ಬೆಂಗಳೂರಿನಿಂದ ವಿಮಾನದಲ್ಲಿ ಎರಡೂವರೆ ಗಂಟೆ. ಚೆನ್ನೈನಿಂದ ಹಡಗೂ ಇದೆ, ಮೂರು ದಿನ ಹಿಡಿಯುತ್ತದೆ, ಈಗ ನಮಗೆ ಬೇಡ. ಪೋರ್ಟ್ ಬ್ಲೇರ್‌ನಿಂದ ಹ್ಯಾವ್ಲಾಕ್‌ಗೆ ಖಾಸಗಿ ದೋಣಿ ಒಂದೂವರೆ ಗಂಟೆಯ ಆಸುಪಾಸಿನಲ್ಲಿ ತಲುಪಿಸುತ್ತದೆ. ದೊಡ್ಡ ಬ್ಯಾಗುಗಳನ್ನು ಹತ್ತುವಾಗಲೇ ಬೇರೆ ಕಡೆ ಇಡುತ್ತಾರೆ, ನಡುವೆ ಸಿಗುವುದಿಲ್ಲ. ಆದ್ದರಿಂದ ಮಾತ್ರೆ, ಕನ್ನಡಕ, ಡಾಕ್ಟರ ಚೀಟಿ ಎಲ್ಲ ಕೈಚೀಲದಲ್ಲೇ ಇರಬೇಕು. ಸೀಟು ಕೆಳಗಿನ ಮಹಡಿಯಲ್ಲಿ, ಮಧ್ಯದಲ್ಲಿ ತೆಗೆದುಕೊಂಡರೆ ತೂಗಾಟ ಕಡಿಮೆ. ನಗದನ್ನೂ ಪೋರ್ಟ್ ಬ್ಲೇರ್‌ನಲ್ಲೇ ತೆಗೆದಿಟ್ಟುಕೊಂಡೆವು.

ಅಲ್ಲಿನ ಗಡಿಯಾರ ವಯಸ್ಸಾದವರಿಗೆ ಹೇಳಿ ಮಾಡಿಸಿದ ಹಾಗಿದೆ. ಅಂಡಮಾನ್ ಅಷ್ಟು ಪೂರ್ವದಲ್ಲಿದ್ದರೂ ಸಮಯ ನಮ್ಮದೇ. ಬೆಳಗ್ಗೆ ಐದೂವರೆಗೆಲ್ಲ ಒಳ್ಳೆ ಬೆಳಕು, ಸಂಜೆ ಆರಕ್ಕೆ ಕತ್ತಲು. ನಾಲ್ಕೂವರೆಗೇ ಎಚ್ಚರವಾಗುವವರಿಗೆ ಇನ್ನೇನು ಬೇಕು, ಅಲ್ವಾ? ಪಡುವಣಕ್ಕೆ ಮುಖ ಮಾಡಿದ ರಾಧಾನಗರ ಬೀಚಿಗೆ ಎಲ್ಲರೂ ಸೂರ್ಯ ಮುಳುಗುವಾಗ ಹೋಗುತ್ತಾರೆ. ನಾವು ಬೆಳಗ್ಗೆ ಆರಕ್ಕೆ ಹೋದೆವು. ಅಷ್ಟು ಉದ್ದದ ಬಿಳಿ ಮರಳಿನಲ್ಲಿ ಜನವೇ ಇರಲಿಲ್ಲ. ಚಳಿಗಾಲದಲ್ಲಿ ಗಾಳಿ ಈಶಾನ್ಯದಿಂದ ಬರುವುದರಿಂದ ಆ ಬದಿಯಲ್ಲಿ ಅಲೆ ಸಣ್ಣ. ಮರಳು ನಿಧಾನವಾಗಿ ಇಳಿಯುತ್ತದೆ, ಕಾಲಿಗೆ ಕಲ್ಲು ಸಿಗುವುದಿಲ್ಲ. 2004ರಲ್ಲಿ ಟೈಮ್ ಪತ್ರಿಕೆ ಇದನ್ನು ಏಷ್ಯಾದ ಅತ್ಯುತ್ತಮ ಬೀಚ್ ಎಂದಿತ್ತು. ನನಗೆ ಇಂದಿಗೂ ಅದೇ ಅಭಿಪ್ರಾಯ. ಪಕ್ಕದ ನೀಲ್ಸ್ ಕೋವ್‌ಗೆ ಮಾತ್ರ ಇಳಿಯಬೇಡಿ. ಅಲ್ಲಿ ಮೊಸಳೆಯ ಭಯವಿದೆ.

ಹ್ಯಾವ್ಲಾಕ್‌ನದೇ ಎಲಿಫೆಂಟ್ ಬೀಚಿನ ವಿಷಯ ಬರೆಯುವಾಗ ಬೇಸರವಾಗುತ್ತದೆ. ಮೊದಲ ಸಲ ಅಲ್ಲಿ ನೀರಿಗೆ ಮುಖ ಹಾಕಿದಾಗ ಹವಳದ ಬಣ್ಣ ನೋಡಿ ಉಸಿರು ಬಿಡುವುದೇ ಮರೆತಿತ್ತು. 2010ರ ಬೇಸಿಗೆಯಲ್ಲಿ ಸಮುದ್ರ ಬಿಸಿಯೇರಿ ಅಂಡಮಾನ್ ಸುತ್ತಲಿನ ಹವಳ ಬಿಳಿಚಿಕೊಂಡಿತು. ಹವಳದ ಹುಳು ತನ್ನೊಳಗಿನ ಪಾಚಿಯಿಂದಲೇ ಬದುಕುತ್ತದೆ. ನೀರಿನ ಬಿಸಿ ಸ್ವಲ್ಪ ಏರಿ ವಾರಗಟ್ಟಲೆ ಹಾಗೇ ಇದ್ದರೂ ಆ ಪಾಚಿಯನ್ನು ಹೊರಗೆ ಹಾಕಿಬಿಡುತ್ತದೆ. ಮತ್ತೆ ಚೇತರಿಸಿಕೊಳ್ಳದಿದ್ದರೆ ಉಳಿಯುವುದು ಬರೀ ಸುಣ್ಣದ ಗೂಡು. ಈ ಸಲ ಅಂಥ ಬೂದು ಗೂಡುಗಳನ್ನೇ ಜಾಸ್ತಿ ನೋಡಿದೆ. ಆದರೆ ನಡುನಡುವೆ ಹೊಸ ಹವಳ ಚಿಗುರಿತ್ತು, ಗಿಳಿಮೀನು ಇದ್ದವು. ನೋಡದೇ ಬಂದಿದ್ದರೆ ನನಗೆ ಸಮಾಧಾನ ಇರುತ್ತಿರಲಿಲ್ಲ.

ನೋಡಿದ ಬಗೆಯನ್ನೂ ಹೇಳಬೇಕು. ಸಿಲಿಂಡರ್ ಕಟ್ಟಿಕೊಂಡು ಆಳಕ್ಕೆ ಇಳಿಯುವ ಸ್ಕೂಬಾ ಬೇಡ ಅಂದುಕೊಂಡೆವು, ಬಿಪಿ ಇದ್ದವರು ಡಾಕ್ಟರನ್ನು ಕೇಳದೆ ಆ ಮಾತೇ ಎತ್ತಬಾರದು. ಸ್ನಾರ್ಕೆಲಿಂಗ್ ಅಂದರೆ ಮಾಸ್ಕ್ ಹಾಕಿ, ಕೊಳವೆಯಲ್ಲಿ ಉಸಿರಾಡುತ್ತಾ ಮೇಲೆ ತೇಲಿಕೊಂಡೇ ಕೆಳಗೆ ನೋಡುವುದು. ಅದರಲ್ಲಿ ಲೈಫ್ ಜಾಕೆಟ್ ಹಾಕಿಸಿ, ರಬ್ಬರ್ ಟ್ಯೂಬ್ ಹಿಡಿಸಿ, ಅಲ್ಲಿನ ಹುಡುಗರೇ ಎಳೆದುಕೊಂಡು ಹೋಗುತ್ತಾರೆ. ಈಜು ಬೇಕಿಲ್ಲ. ನಮ್ಮ ಯಜಮಾನರಿಗೆ ಕನ್ನಡಕವಿಲ್ಲದೆ ಏನೂ ಕಾಣದು. ಪವರ್ ಇರುವ ಮಾಸ್ಕ್ ಬೆಂಗಳೂರಿನಲ್ಲೇ ಕೊಂಡಿದ್ದೆವು. ಆ ಖರ್ಚು ಸಾರ್ಥಕ. ಅವರು ನೀರಿನಿಂದ ಮೇಲೆ ಬರಲು ಒಪ್ಪಲೇ ಇಲ್ಲ.

ಹುಣ್ಣಿಮೆಗೆ ನೀಲ್. ಆ ದಿನಗಳಲ್ಲಿ ಸಂಜೆ ನಾಲ್ಕರ ಸುಮಾರಿಗೆ ಸಮುದ್ರ ಚೆನ್ನಾಗಿ ಇಳಿದಿರುತ್ತದೆ. ಲಕ್ಷ್ಮಣಪುರದ ಕಲ್ಲಿನ ಸೇತುವೆ ನೋಡಲು ಅದೇ ಹೊತ್ತು. ಸೇತುವೆಯವರೆಗೆ ಜಾರುವ ಬಂಡೆ ದಾಟಬೇಕು. ನಾನು ದಾಟಲಿಲ್ಲ. ಈಚೆಯ ಹೊಂಡಗಳ ಹತ್ತಿರವೇ ಕೂತೆ. ಸಮುದ್ರ ಸೌತೆ ಅನ್ನುವ ಮೆತ್ತನೆಯ ಜೀವಿ, ಏಡಿ, ಬಾಯಿ ತೆರೆದ ದೊಡ್ಡ ಚಿಪ್ಪು, ನೀಲಿ ಸಣ್ಣ ಮೀನು, ಎಲ್ಲ ಅಂಗೈ ಆಳದ ನೀರಿನಲ್ಲಿ. ಒಂದು ಗಂಟೆ ಹೋದದ್ದೇ ತಿಳಿಯಲಿಲ್ಲ. ಊಟಕ್ಕೂ ನೀಲ್ ಒಳ್ಳೆಯದು. ಪೂರ್ವ ಬಂಗಾಳದಿಂದ ಬಂದು ನೆಲೆಸಿದ ಕುಟುಂಬಗಳು ಅಲ್ಲಿ ತರಕಾರಿ ಬೆಳೆಯುತ್ತವೆ. ಬಿಸಿ ಅನ್ನ, ಬೇಳೆ, ಬದನೆಕಾಯಿ ಹುರಿದದ್ದು. ಮೀನು ತಿನ್ನದ ನಮಗೆ ಅದೇ ಹಬ್ಬ.

ಸಮುದ್ರ ಕೆಟ್ಟರೆ ದೋಣಿ ನಿಲ್ಲುತ್ತದೆ. ಹಾಗಾಗಿ ವಾಪಸ್ ವಿಮಾನಕ್ಕೆ ಮುಂಚೆ ಪೋರ್ಟ್ ಬ್ಲೇರ್‌ನಲ್ಲಿ ಒಂದು ದಿನ ಖಾಲಿ ಬಿಟ್ಟಿದ್ದೆವು. ದೋಣಿ ಸರಿಯಾಗಿಯೇ ಬಂತು. ಆ ದಿನವನ್ನು ರಾಸ್ ದ್ವೀಪಕ್ಕೆ ಕೊಟ್ಟೆವು. ಅಲ್ಲಿ ಬ್ಯಾಟರಿ ಗಾಡಿ ಇದೆ, ಏರು ದಾರಿಯನ್ನು ಕೂತೇ ಹತ್ತಬಹುದು.