ಕೋಲಾರದ ಬೋರ್ ನೀರಲ್ಲೇ ಉಪ್ಪುನೀರಿನ ಟ್ಯಾಂಕ್: ನನ್ನ ಅನುಭವ

ಕೋಲಾರದ ಬೋರ್ ನೀರಿನಲ್ಲಿ ಉಪ್ಪುನೀರಿನ ಟ್ಯಾಂಕ್ (ಸಮುದ್ರದ ಮೀನು ಸಾಕುವ ಅಕ್ವೇರಿಯಂ) ನಿಲ್ಲಲ್ಲ, ಚೆನ್ನೈಯಿಂದ ಸಮುದ್ರದ ನೀರು ತರಿಸಿಕೊಳ್ಳಿ ಸರ್ ಅಂತ ಬೆಂಗಳೂರಿನ ಗೆಳೆಯರು ಸುಮಾರು ಜನ ಹೇಳಿದ್ದರು. ಈಗ ನನ್ನ 200 ಲೀಟರ್ ಟ್ಯಾಂಕಿನಲ್ಲಿ ಒಂದು ಜೋಡಿ ಕ್ಲೌನ್ ಮೀನು, ಬಸವನಹುಳುಗಳು, ಮೂರ್ನಾಲ್ಕು ಬಗೆ ಸಾಫ್ಟ್ ಕೋರಲ್ (ಮೆತ್ತನೆಯ ಹವಳ) ಇವೆ. ಅದಕ್ಕೆ ಸಮುದ್ರದ ನೀರು ಒಂದು ಹನಿಯೂ ಹೋಗಿಲ್ಲ, ಬೋರ್ ನೀರನ್ನೇ ಶುದ್ಧ ಮಾಡಿ ಉಪ್ಪು ಬೆರೆಸಿದ್ದು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಬೋರ್ 1200 ಅಡಿಗಿಂತ ಆಳ. ಟಿಡಿಎಸ್ (ನೀರಲ್ಲಿ ಕರಗಿದ ಲವಣದ ಪ್ರಮಾಣ) 1100ರ ಆಸುಪಾಸು, ನೈಟ್ರೇಟ್ ಕೂಡ ಜಾಸ್ತಿ. ಆರ್‌ಓ ಫಿಲ್ಟರ್ ದಾಟಿದ ಮೇಲೆ ಟಿಡಿಎಸ್ 60ಕ್ಕೆ ಇಳಿಯುತ್ತದೆ. ಮನೆಯ ಆರ್‌ಓ ಬಳಸುವವರು ಅದರ ಟಿಡಿಎಸ್ ಕಂಟ್ರೋಲರ್ ಪೂರ್ತಿ ಮುಚ್ಚಬೇಕು, ಮಿನರಲ್ ಕಾರ್ಟ್ರಿಜ್ ಇದ್ದರೆ ತೆಗೆಯಬೇಕು. ಇಲ್ಲದಿದ್ದರೆ ಬೋರ್ ನೀರೇ ಹಿಂದಿನ ಬಾಗಿಲಿಂದ ಬಂದು ಸೇರಿಕೊಳ್ಳುತ್ತದೆ. ಉಳಿದ 60ನ್ನು ಸೊನ್ನೆಗೆ ತರಲು ಡಿಐ ರೆಸಿನ್ (ಉಳಿದ ಲವಣವನ್ನೂ ಹಿಡಿದಿಟ್ಟುಕೊಳ್ಳುವ ಸಣ್ಣ ಮಣಿಗಳು) ಬೇಕು. ನನ್ನ ದುಡ್ಡೆಲ್ಲ ಸುರಿದದ್ದು ಅಲ್ಲೇ.

ಒಂದು ಲೀಟರ್ ಮಿಕ್ಸೆಡ್ ಬೆಡ್ (ಎರಡು ಬಗೆ ಮಣಿ ಬೆರೆತ) ರೆಸಿನ್‌ಗೆ ಸುಮಾರು 500 ರೂಪಾಯಿ. ಲೆಕ್ಕದ ಪ್ರಕಾರ ಅದು 500 ಲೀಟರ್ ನೀರನ್ನಾದರೂ ತೊಳೆಯಬೇಕು. ನನಗೆ 180 ಲೀಟರಿಗೇ ಮುಗಿಯುತ್ತಿತ್ತು. ಅಂಗಡಿಯವರು ರೆಸಿನ್ ಹಳೆಯದಿರಬೇಕು ಅಂದರು. ಬೇರೆ ಕಡೆಯಿಂದ ತರಿಸಿದೆ, ಅದೂ ಅಷ್ಟೇ. ಆರ್‌ಓದೊಳಗಿನ ಮೆಂಬ್ರೇನ್ (ಶೋಧಿಸುವ ಪೊರೆ) ಬದಲಿಸಿದೆ, ಒತ್ತಡ ಹೆಚ್ಚಿಸಲು ಬೂಸ್ಟರ್ ಪಂಪ್ ಹಾಕಿದೆ. ಹತ್ತು ಸಾವಿರದ ಹತ್ತಿರ ಹೋಯಿತು. ಇಷ್ಟರ ನಡುವೆ ಟ್ಯಾಂಕಿನ ಮರಳು, ಗಾಜು ಎಲ್ಲ ಕಂದು ಪಾಚಿ. ಟಿಡಿಎಸ್ ಮೀಟರ್ ಮಾತ್ರ ಸೊನ್ನೆ ತೋರಿಸುತ್ತಿತ್ತು. ರೆಸಿನ್ ಸೋಲತೊಡಗಿದಾಗ ಮೊದಲು ಜಾರಿ ಬರುವುದು ಸಿಲಿಕೇಟ್. ಅದು ಮೀಟರಿಗೆ ಕಾಣುವುದಿಲ್ಲ, ಡಯಾಟಮ್‌ಗೆ (ಆ ಕಂದು ಪಾಚಿಗೆ) ಮಾತ್ರ ಹಬ್ಬ.

ಸುಳಿವು ಸಿಕ್ಕಿದ್ದು ಪಿಎಚ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಅನ್ನುವ ಅಳತೆ) ಕಿಟ್‌ನಿಂದ. ಆರ್‌ಓಯಿಂದ ಆಗ ತಾನೇ ಬಂದ ನೀರಿನ ಪಿಎಚ್ ಆರಕ್ಕಿಂತ ಕೆಳಗಿತ್ತು. ಅದೇ ನೀರನ್ನು ರಾತ್ರಿಯೆಲ್ಲ ಏರ್‌ಸ್ಟೋನ್ (ಗಾಳಿಗುಳ್ಳೆ ಬಿಡುವ ಕಲ್ಲು) ಹಾಕಿ ಬಿಟ್ಟರೆ ಬೆಳಿಗ್ಗೆ ಚೆನ್ನಾಗಿ ಏರಿರುತ್ತಿತ್ತು. ಅಂದರೆ ನಮ್ಮ ಆಳದ ಬೋರ್ ನೀರಿನಲ್ಲಿ ಪಿಎಚ್ ಇಳಿಸುವ ಕಾರ್ಬನ್ ಡೈಆಕ್ಸೈಡ್ ತುಂಬಿದೆ. ಮೆಂಬ್ರೇನ್ ಉಪ್ಪನ್ನು ತಡೆಯುತ್ತದೆ, ಗ್ಯಾಸನ್ನು ತಡೆಯುವುದಿಲ್ಲ. ಆ ಗ್ಯಾಸೆಲ್ಲ ನೇರವಾಗಿ ರೆಸಿನ್ ಮೇಲೆ ಬಿದ್ದು ಅದನ್ನು ಬೇಗ ತಿಂದು ಮುಗಿಸುತ್ತಿತ್ತು. ಟಿಡಿಎಸ್ ಮೀಟರ್ ಇದನ್ನೂ ಸರಿಯಾಗಿ ತೋರಿಸುವುದಿಲ್ಲ.

ಹಾಗಾಗಿ ಆರ್‌ಓ ಮತ್ತು ಡಿಐ ನಡುವೆ ಒಂದು ಡ್ರಮ್ ಇಟ್ಟೆ. ಆರ್‌ಓ ನೀರು ಡ್ರಮ್ಮಿಗೆ, ರಾತ್ರಿಯೆಲ್ಲ ಗಾಳಿ, ಬೆಳಿಗ್ಗೆ ಚಿಕ್ಕ ಪಂಪಿನಿಂದ ಡಿಐಗೆ. ಏರ್‌ಸ್ಟೋನಿನಿಂದ ಗ್ಯಾಸ್ ಹೋಗಲ್ಲ ಬಿಡಿ ಅಂದವರಿದ್ದರು. ಅದೇ ಒಂದು ಲೀಟರ್ ರೆಸಿನ್ ಈಗ 500 ಲೀಟರ್ ಹತ್ತಿರ ಬರುತ್ತಿದೆ. ಲೀಟರ್ ನೀರಿಗೆ ರೆಸಿನ್ ಖರ್ಚು ಮೂರು ರೂಪಾಯಿ ಹತ್ತಿರ ಇದ್ದದ್ದು ಒಂದಕ್ಕೆ ಇಳಿಯಿತು. ಕಂದು ಪಾಚಿ ಕೂಡ ಹೋಯಿತು. ಡ್ರಮ್ಮಿನೊಳಗೆ ಗಾಳಿಯನ್ನು ಹೇಗೆ ಹರಿಸುತ್ತೇನೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಸೈಕಲ್ (ಅಮೋನಿಯಾವನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಬೆಳೆಸುವುದು) ಮಾಡಿದ್ದು ಮೀನಿಲ್ಲದೆ, ಲ್ಯಾಬ್ ದರ್ಜೆಯ ಅಮೋನಿಯಂ ಕ್ಲೋರೈಡ್ ಹಾಕಿ. 180 ಲೀಟರ್ ನೀರಿಗೆ ಒಂದು ಗ್ರಾಂಗಿಂತ ಚೂರು ಜಾಸ್ತಿ ಹಾಕಿದರೆ ಅಮೋನಿಯಾ 2 ಪಿಪಿಎಂ (ಲೀಟರಿಗೆ 2 ಮಿಲಿಗ್ರಾಂ) ಬರುತ್ತದೆ. ಕಲಾಯಿ ಹಾಕುವವರ ನವಸಾಗರವೂ ಇದೇ ವಸ್ತು. ಅದನ್ನು ಬೇರೆ ಬಕೆಟ್‌ನಲ್ಲಿ ಹಾಕಿ ನೋಡಿದೆ, ಸೈಕಲ್ ಆಯಿತು. ಆದರೆ ಅದರಲ್ಲಿ ಯಾವ ಲೋಹ ಬೆರೆತಿದೆಯೋ? ತಾಮ್ರ ಸ್ವಲ್ಪ ಇದ್ದರೂ ಬಸವನಹುಳು ಉಳಿಯಲ್ಲ. ಟ್ಯಾಂಕಿಗೆ ಬೇಡ. ನೈಟ್ರೈಟ್ ಏರಿರುವಾಗ ನೈಟ್ರೇಟ್ ಅಳೆಯಬೇಡಿ. ಕಿಟ್ ಎರಡನ್ನೂ ಸೇರಿಸಿ ಓದಿ ಸುಮ್ನೆ ಹೆದರಿಸುತ್ತದೆ.

ನೀರಿನ ಉಪ್ಪು ಅಳೆಯುವ ರಿಫ್ರ್ಯಾಕ್ಟೋಮೀಟರ್ ಬಗ್ಗೆ ಒಂದು ಮಾತು. ಬರೀ ಸೊನ್ನೆಗೆ ಹೊಂದಿಸಿದರೆ ಸಾಲದು. 36.5 ಗ್ರಾಂ ಶುದ್ಧ ಉಪ್ಪನ್ನು 963.5 ಗ್ರಾಂ ಡಿಐ ನೀರಿನಲ್ಲಿ ಕರಗಿಸಿದರೆ ಅದು 35 ಪಿಪಿಟಿ (ಸಾವಿರಕ್ಕೆ 35 ಭಾಗ, ಸಮುದ್ರದ ನೀರಿನಷ್ಟು) ತೋರಿಸಬೇಕು. ನನ್ನದು ಎರಡು ಪಾಯಿಂಟ್ ಆಚೆ ಇತ್ತು.

ಉಪ್ಪು ಬೆರೆಸುವುದು ನಿಮಗೆಲ್ಲ ಗೊತ್ತೇ ಇದೆ. ಅಲ್ಕಲಿನಿಟಿ (ಪಿಎಚ್ ಕುಸಿಯದಂತೆ ತಡೆಯುವ ಶಕ್ತಿ, ಅಳೆಯುವುದು ಡಿಕೆಎಚ್‌ನಲ್ಲಿ) ಕಮ್ಮಿ ಬಂದರೆ ಅಡುಗೆ ಸೋಡಾ ಸಾಕು: 100 ಲೀಟರಿಗೆ 3 ಗ್ರಾಂ, ಒಂದು ಡಿಕೆಎಚ್ ಏರುತ್ತದೆ. ಬ್ರಾಂಡೆಡ್ ಬಫರ್‌ಗೆ ಸಾವಿರಾರು ರೂಪಾಯಿ ಕೊಡಬೇಕಿಲ್ಲ.

ಟ್ಯಾಂಕಿನ ಪಿಎಚ್ 7.8ರಲ್ಲೇ ನಿಂತಾಗ ಎಲೆ ಅಡಿಕೆಯ ಸುಣ್ಣದಿಂದ ತಿಳಿನೀರು ಮಾಡಿ ಹನಿಹನಿಯಾಗಿ ಬಿಟ್ಟು ನೋಡಿದೆ. ಏರಿತು, ಆದರೆ ಸುಣ್ಣದ ಗುಣಮಟ್ಟ ಡಬ್ಬಿಯಿಂದ ಡಬ್ಬಿಗೆ ಬೇರೆ, ನಂಬಿಕೆ ಬರಲಿಲ್ಲ. ಆಮೇಲೆ ನೋಡಿದರೆ ಇಲ್ಲೂ ಅದೇ ಗ್ಯಾಸು. ಡಿಸೆಂಬರ್ ಚಳಿಗೆ ಮನೆಯ ಕಿಟಕಿಯೆಲ್ಲ ಮುಚ್ಚಿ, ನಮ್ಮ ಉಸಿರೇ ಕೋಣೆಯಲ್ಲಿ ತುಂಬಿತ್ತು. ಕಿಟಕಿ ತೆರೆದಿಟ್ಟ ಮೇಲೆ 8.2ಕ್ಕೆ ಬಂತು. ಖರ್ಚು ಸೊನ್ನೆ.

ಬೇಸಿಗೆಯಲ್ಲಿ ಟ್ಯಾಂಕ್ ತಣಿಸಲು ಫ್ಯಾನ್ ಹಾಕಿದರೆ ದಿನಕ್ಕೆ ಮೂರು ಲೀಟರ್ ಆರಿಹೋಗುತ್ತದೆ. ನಮ್ಮೂರ ಗಾಳಿ ಅಷ್ಟು ಒಣ. ಅದಕ್ಕೆ ಡಿಐ ನೀರನ್ನೇ ತುಂಬುತ್ತೇನೆ, ಉಪ್ಪು ಬೆರೆಸಿದ್ದನ್ನಲ್ಲ. ಮಳೆನೀರನ್ನೂ ನೋಡಿದೆ. ಟಿಡಿಎಸ್ ಚೆನ್ನಾಗಿತ್ತು, ಆದರೆ ನಮ್ಮದು ತಗಡಿನ ಛಾವಣಿ, ಸತುವಿನ ಭಯ. ಅದನ್ನು ಗಿಡಕ್ಕೆ ಬಿಟ್ಟೆ. ಆರ್‌ಓದ ವೇಸ್ಟ್ ನೀರು ಲೀಟರಿಗೆ ಮೂರು ಲೀಟರ್ ಬರುತ್ತದೆ. ಅದು ನೆಲ ಒರೆಸಲು, ಗಾಡಿ ತೊಳೆಯಲು ಹೋಗುತ್ತದೆ. ಕೋಲಾರದಲ್ಲಿ ನೀರನ್ನು ಮೋರಿಗೆ ಬಿಡಲು ಮನಸ್ಸು ಬರಲ್ಲ.